ಚಪ್ಪಾಳೆ ಕೇಳಿಸದ ಘಟಿಕೋತ್ಸವ

ಘಟಿಕೋತ್ಸವದ ಅರ್ಜಿಯಲ್ಲಿ ಒಂದು ಹಳೆಯ ಪ್ರಶ್ನೆ ಇರುತ್ತದೆ: ಪದವಿಯನ್ನು ಖುದ್ದಾಗಿ ಹಾಜರಿದ್ದು ಸ್ವೀಕರಿಸುವಿರೋ, ಗೈರುಹಾಜರಿಯಲ್ಲಿ ಪಡೆಯುವಿರೋ? 2020ರ ಅಕ್ಟೋಬರ್‌ನಲ್ಲಿ ನಾನು ಆ ಅರ್ಜಿಯನ್ನು ಆನ್‌ಲೈನ್‌ನಲ್ಲಿ ತುಂಬುವಾಗ ಮೊದಲನೆಯ ಆಯ್ಕೆ ಮಸುಕಾಗಿತ್ತು; ಎಷ್ಟು ಒತ್ತಿದರೂ ಗುರುತು ಬೀಳುತ್ತಿರಲಿಲ್ಲ. ಎರಡು ವರ್ಷಗಳ ಸ್ನಾತಕೋತ್ತರ ಓದಿನಲ್ಲಿ ಹಾಜರಾತಿಯ ಕೊರತೆ ಎಂಬ ಮಾತನ್ನು ಎಂದೂ ಕೇಳಿಸಿಕೊಳ್ಳದಿದ್ದ ನಾನು, ಆ ಓದಿನ ಕಟ್ಟಕಡೆಯ ದಿನಕ್ಕೆ ಗೈರುಹಾಜರಾಗುತ್ತೇನೆಂದು ಕೈಯಾರೆ ಬರೆದುಕೊಡಬೇಕಾಯಿತು. ಆ ಅಂಕಣವನ್ನು ತುಂಬದೆ ಅರ್ಜಿ ಮುಂದಿನ ಪುಟಕ್ಕೆ ಹೋಗುತ್ತಿರಲಿಲ್ಲ.

ಮುಂದಿನ ಪುಟದಲ್ಲಿದ್ದದ್ದು ಹೆಸರುಗಳ ವಿವರ. ಅಭ್ಯರ್ಥಿಯ ಹೆಸರು, ತಾಯಿಯ ಹೆಸರು, ತಂದೆಯ ಹೆಸರು. ಪ್ರಮಾಣಪತ್ರದಲ್ಲಿ ಹೇಗೆ ಅಚ್ಚಾಗಬೇಕೋ ಹಾಗೆಯೇ, ಒಂದಕ್ಷರವೂ ವ್ಯತ್ಯಾಸವಾಗದಂತೆ ನಮೂದಿಸಬೇಕೆಂದು ಕೆಂಪಕ್ಷರದಲ್ಲಿ ಎಚ್ಚರಿಸಿದ್ದರು. ನನಗದು ಎರಡು ನಿಮಿಷದ ಕೆಲಸ. ನನ್ನ ಜೊತೆಯಲ್ಲಿ ಓದಿದ ಗೆಳತಿಯೊಬ್ಬಳಿಗೆ ಅದು ಏಳು ತಿಂಗಳಿಂದ ಮುಗಿಯದ ಕೆಲಸವಾಗಿತ್ತು. ಅವಳ ಮೊದಲ ಸೆಮಿಸ್ಟರಿನ ಅಂಕಪಟ್ಟಿಯಲ್ಲೇ ತಂದೆಯ ಹೆಸರಿನ ಒಂದು ಅಕ್ಷರ ಬಿಟ್ಟುಹೋಗಿ, ಆ ತಪ್ಪು ಸೆಮಿಸ್ಟರಿನಿಂದ ಸೆಮಿಸ್ಟರಿಗೆ ದಾಟಿಕೊಂಡು ಬಂದಿತ್ತು. ಕಚೇರಿಗಳು ತೆರೆದಿದ್ದ ದಿನಗಳಲ್ಲಾಗಿದ್ದರೆ ಪರೀಕ್ಷಾ ವಿಭಾಗಕ್ಕೆ ಹೋಗಿ, ಅಫಿಡವಿಟ್ ಕೊಟ್ಟು, ಒಂದೆರಡು ಸಹಿ ಹಾಕಿಸಿಕೊಂಡರೆ ಸರಿಹೋಗುತ್ತಿದ್ದ ಸಂಗತಿ, ಕಚೇರಿಗಳು ಬೀಗ ಹಾಕಿಕೊಂಡ ಮೇಲೆ ಉತ್ತರವಿಲ್ಲದ ಇಮೇಲ್‌ಗಳ ಸಾಲಾಯಿತು. ಅವಳ ತಂದೆ ಇದನ್ನು ತಮಾಷೆಯಾಗಿಯೇ ತೆಗೆದುಕೊಂಡಿದ್ದರು. ‘ಒಂದಕ್ಷರ ಕಡಿಮೆಯಾದರೆ ನಾನೇನು ಕಡಿಮೆಯಾಗುತ್ತೇನೆಯೆ, ಬಿಡಮ್ಮ’ ಎನ್ನುತ್ತಿದ್ದರಂತೆ.

ಇತಿಹಾಸದ ವಿದ್ಯಾರ್ಥಿಯಾದ ನನಗೆ ಪದಗಳ ಬೆನ್ನು ಹತ್ತುವ ಚಟವಿದೆ. ‘ಘಟಿಕೋತ್ಸವ’ದೊಳಗಿನ ‘ಘಟಿಕಾ’ ಎಂಬುದು ಪ್ರಾಚೀನ ಕಾಲದ ಉನ್ನತ ವಿದ್ಯಾಸ್ಥಾನಕ್ಕಿದ್ದ ಹೆಸರು. ಮಯೂರಶರ್ಮನು ಗುರು ವೀರಶರ್ಮನೊಂದಿಗೆ ಓದು ಮುಂದುವರಿಸಲು ಕಂಚಿಯ ಘಟಿಕೆಗೆ ಹೋದನೆಂದೂ, ಅಲ್ಲಿ ಪಲ್ಲವರ ಕುದುರೆ ಸವಾರನೊಡನೆ ಕಲಹವಾಗಿ, ದರ್ಭೆ ಹಿಡಿಯುತ್ತಿದ್ದ ಕೈಯಲ್ಲಿ ಕತ್ತಿ ಹಿಡಿದನೆಂದೂ ತಾಳಗುಂದದ ಸ್ತಂಭಶಾಸನ ಹೇಳುತ್ತದೆ. ಘಟಿಕೆಗೆ ಹೋಗಿಯೂ ಘಟಿಕೋತ್ಸವ ಕಾಣದವರಲ್ಲಿ ಕದಂಬ ರಾಜ್ಯದ ಸ್ಥಾಪಕನೇ ಮೊದಲಿಗನಿರಬೇಕೆಂದು ನಾವು ಸಹಪಾಠಿಗಳು ಆಗ ನಗುತ್ತಿದ್ದೆವು. ‘ಸ್ನಾತಕ’ ಎಂಬ ಮಾತಿನ ಅರ್ಥ ಮಿಂದವನು ಎಂದು. ವಿದ್ಯಾಭ್ಯಾಸ ಮುಗಿಸಿ ಗುರುವಿನ ಮನೆಯಿಂದ ಹೊರಡುವಾಗ ಮಾಡುತ್ತಿದ್ದ ಸ್ನಾನದಿಂದ ಬಂದ ಹೆಸರದು. ಹೊರಗೆ ಹೋಗಿ ಬಂದಾಗಲೆಲ್ಲ ಬಾಗಿಲಲ್ಲೇ ತಡೆದು ನೇರವಾಗಿ ಬಚ್ಚಲಿಗೆ ಕಳುಹಿಸುತ್ತಿದ್ದ ಅಮ್ಮನ ಲೆಕ್ಕದಲ್ಲಿ ನಾನು ಆ ವರ್ಷ ದಿನಕ್ಕೆ ಎರಡು ಬಾರಿ ಸ್ನಾತಕಳಾಗುತ್ತಿದ್ದೆ.

ನಗುವಿನ ಮಾತುಗಳು ಆಮೇಲಿನವು. 2020ರ ಜನವರಿ 30ರಂದು ವಿಶ್ವ ಆರೋಗ್ಯ ಸಂಸ್ಥೆ ಹೊಸ ಕೊರೊನಾವೈರಸ್ಸಿನ ಹರಡುವಿಕೆಯನ್ನು ಅಂತರರಾಷ್ಟ್ರೀಯ ಕಾಳಜಿಯ ಸಾರ್ವಜನಿಕ ಆರೋಗ್ಯ ತುರ್ತುಸ್ಥಿತಿ ಎಂದು ಘೋಷಿಸಿದಾಗ ನಾವು ಕಿರುಪ್ರಬಂಧದ ಅಧ್ಯಾಯಗಳನ್ನು ಹಂಚಿಕೊಳ್ಳುವುದರಲ್ಲಿ ಮುಳುಗಿದ್ದೆವು. ಆ ಸುದ್ದಿಯನ್ನು ಓದಿದ ನೆನಪೂ ನನಗಿಲ್ಲ. ಮಾರ್ಚ್ 11ರಂದು ಅದೇ ಸಂಸ್ಥೆ ಇದನ್ನು ಜಾಗತಿಕ ಸಾಂಕ್ರಾಮಿಕವೆಂದು ಕರೆದ ದಿನ ಮಾತ್ರ ಚೆನ್ನಾಗಿ ನೆನಪಿದೆ. ಮರುದಿನ ತರಗತಿಯಲ್ಲಿ ಪಾಠಕ್ಕಿಂತ ಗುಸುಗುಸುವೇ ಹೆಚ್ಚಾಗಿತ್ತು. ಆ ವಾರ ಮುಗಿಯುವುದರೊಳಗೆ ವಿದ್ಯಾರ್ಥಿನಿಲಯ ಖಾಲಿ ಮಾಡಬೇಕೆಂಬ ಸೂಚನೆ ಗೋಡೆಗೆ ಅಂಟಿತು. ಎರಡು ವಾರದ ರಜೆಯೆಂದು ತಿಳಿದು ಮೂರು ಜೊತೆ ಬಟ್ಟೆ, ಗ್ರಂಥಾಲಯದ ನಾಲ್ಕು ಪುಸ್ತಕ ಹಿಡಿದು ಹೊರಟೆ. ನನ್ನ ಛತ್ರಿ, ಕುರ್ಚಿಯ ಮೇಲಿನ ದಿಂಬು, ಕಿಟಕಿಯ ಬಳಿಯ ಹೂಕುಂಡ ಅಲ್ಲೇ ಉಳಿದವು. ಯಾರೂ ಯಾರಿಗೂ ಸರಿಯಾಗಿ ವಿದಾಯ ಹೇಳಲಿಲ್ಲ, ಏಕೆಂದರೆ ಯಾರೂ ಹೋಗುತ್ತಿದ್ದೇವೆಂದು ಭಾವಿಸಿರಲಿಲ್ಲ. ಏಪ್ರಿಲ್ ಹೊತ್ತಿಗೆ 190ಕ್ಕೂ ಹೆಚ್ಚು ದೇಶಗಳಲ್ಲಿ 150 ಕೋಟಿಗೂ ಮಿಕ್ಕಿದ ವಿದ್ಯಾರ್ಥಿಗಳ ಶಾಲೆ ಕಾಲೇಜುಗಳು ಮುಚ್ಚಿವೆಯೆಂದು ಯುನೆಸ್ಕೊ ಲೆಕ್ಕ ಹೇಳಿತು. ಅಷ್ಟು ದೊಡ್ಡ ಸಂಖ್ಯೆಯಲ್ಲಿ ನನ್ನ ಹೂಕುಂಡದ ಚಿಂತೆ ಸಣ್ಣದೆಂದು ಗೊತ್ತಿದ್ದರೂ ಅದು ಹೋಗಲಿಲ್ಲ.

ಆ ತಿಂಗಳುಗಳಲ್ಲಿ ನಮಗೆಲ್ಲ ಬರುತ್ತಿದ್ದ ಒಂದು ಸಂದೇಶದ ಬಗ್ಗೆ ನನಗೆ ಇಂದಿಗೂ ಸಿಟ್ಟಿದೆ. 1665ರಲ್ಲಿ ಪ್ಲೇಗ್ ಹರಡಿ ಕೇಂಬ್ರಿಜ್ ವಿಶ್ವವಿದ್ಯಾಲಯ ಮುಚ್ಚಿದಾಗ ಐಸಾಕ್ ನ್ಯೂಟನ್ ತನ್ನ ಹಳ್ಳಿಯ ಮನೆಗೆ ಹೋಗಿ ಗಣಿತ, ಬೆಳಕು, ಗುರುತ್ವಗಳ ಬಗ್ಗೆ ಮಹತ್ವದ ಚಿಂತನೆ ನಡೆಸಿದ, ನೀವು ಏನು ಮಾಡುತ್ತಿದ್ದೀರಿ ಎಂಬುದು ಅದರ ಸಾರಾಂಶ. ಕಳುಹಿಸಿದವರೆಲ್ಲ ಹಿತೈಷಿಗಳೇ. ಆದರೆ ವಿಶ್ವವಿದ್ಯಾಲಯ ಮುಚ್ಚುವ ಕೆಲವು ತಿಂಗಳ ಮೊದಲೇ ನ್ಯೂಟನ್‌ನ ಬಿ.ಎ. ಪದವಿ ಕೈಸೇರಿತ್ತೆಂಬುದನ್ನು ಆ ಸಂದೇಶ ಹೇಳುತ್ತಿರಲಿಲ್ಲ. ಫಲಿತಾಂಶ ಯಾವಾಗ, ಆಂತರಿಕ ಅಂಕ ಸೇರುತ್ತದೆಯೋ ಇಲ್ಲವೋ, ಪದವಿ ಕೊಡುವುದಾದರೂ ಉಂಟೋ ಎಂಬ ಪ್ರಶ್ನೆಗಳನ್ನು ತಲೆಯಲ್ಲಿಟ್ಟುಕೊಂಡು ಅವನು ಊರಿಗೆ ಹೋಗಿರಲಿಲ್ಲ. ನಮ್ಮ ಸ್ಥಿತಿ ಆ ಮಟ್ಟಿಗೆ ಬೇರೆಯೇ ಆಗಿತ್ತು.

ಪರೀಕ್ಷೆಗಳು ಎರಡು ಬಾರಿ ಮುಂದಕ್ಕೆ ಹೋಗಿ ಕೊನೆಗೆ ಮನೆಯಿಂದಲೇ ಬರೆದು ಸ್ಕ್ಯಾನ್ ಮಾಡಿ ಕಳುಹಿಸುವ ಏರ್ಪಾಡಾಯಿತು. ಅದರ ಬಗ್ಗೆ ಹೇಳುವಂಥದ್ದೇನೂ ಇಲ್ಲ, ಬರೆದೆವು, ಕಳುಹಿಸಿದೆವು. ಕಿರುಪ್ರಬಂಧದ ಮೌಖಿಕ ಪರೀಕ್ಷೆಯ ಬಗ್ಗೆ ಹೇಳಬೇಕು. ವಿಭಾಗದಲ್ಲಿ ನಡೆದಿದ್ದರೆ, ಒಳಗೆ ಒಬ್ಬರು ಉತ್ತರಿಸುತ್ತಿರುವಾಗ ಹೊರಗೆ ಉಳಿದವರು ಬಾಗಿಲಿಗೆ ಕಿವಿಗೊಟ್ಟು ನಿಂತಿರುತ್ತಿದ್ದರು. ಹೊರಬಂದವರ ಮುಖ ನೋಡಿಯೇ ಹೇಗಾಯಿತೆಂದು ತಿಳಿಯುತ್ತಿತ್ತು. ನಾನು ಪರೀಕ್ಷೆ ಕೊಟ್ಟದ್ದು ಮಲಗುವ ಕೋಣೆಯಲ್ಲಿ, ಲ್ಯಾಪ್‌ಟಾಪಿನ ಕೆಳಗೆ ಆರು ನಿಘಂಟುಗಳನ್ನು ಪೇರಿಸಿ, ಹಿಂದಿನ ಬೀರುವಿಗೆ ಬಿಳಿ ಹಾಸಿಗೆವಸ್ತ್ರ ಕಟ್ಟಿ. ಅರ್ಧ ಗಂಟೆಯ ಪ್ರಶ್ನೋತ್ತರದ ನಂತರ ಬಾಹ್ಯ ಪರೀಕ್ಷಕರು ‘ಸಂತೋಷ, ಒಳ್ಳೆಯದಾಗಲಿ’ ಎಂದರು. ನನ್ನ ಮಾರ್ಗದರ್ಶಕರು ಏನೋ ಹೇಳಲು ಬಾಯಿ ತೆರೆದರು, ಅಷ್ಟರಲ್ಲಿ ಯಾರೋ ಸಭೆಯನ್ನು ಮುಗಿಸಿಬಿಟ್ಟರು. ಸಭೆ ಮುಕ್ತಾಯವಾಗಿದೆ ಎಂಬ ಒಂದು ಸಾಲು ಪರದೆಯ ಮೇಲೆ ಉಳಿಯಿತು. ಹದಿನೇಳು ವರ್ಷಗಳ ಓದು ಮುಗಿದದ್ದು ಹಾಗೆ. ಬಾಗಿಲು ತೆರೆದಾಗ ಅಮ್ಮ ಹೊರಗೆ ನಿಂತಿದ್ದಳು. ‘ಮುಗೀತಾ?’ ಎಂದಳು. ‘ಮುಗೀತು ಅನ್ಸತ್ತೆ’ ಎಂದೆ.

ಸೆಪ್ಟೆಂಬರಿನಲ್ಲಿ ಫಲಿತಾಂಶ ಬಂತು. ಅದೇ ತಿಂಗಳು, ಫಲಿತಾಂಶಕ್ಕೆ ಹನ್ನೊಂದು ದಿನ ಮೊದಲು, ಗೆಳತಿಯ ತಂದೆ ಕೋವಿಡ್‌ನಿಂದ ತೀರಿಕೊಂಡಿದ್ದರು. ನಮ್ಮಲ್ಲಿ ಯಾರಿಗೂ ಅವಳ ಮನೆಗೆ ಹೋಗಲಾಗಲಿಲ್ಲ. ಅವಳಿಗೂ ಆಸ್ಪತ್ರೆಯ ಒಳಗೆ ಹೋಗಲಾಗಿರಲಿಲ್ಲ. ಅವಳು ಪ್ರಥಮ ದರ್ಜೆಯಲ್ಲಿ ಉತ್ತೀರ್ಣಳಾಗಿರುವುದು ನಮಗೆ ಕಂಡಿತು. ಅಭಿನಂದನೆ ಹೇಳಬೇಕೋ ಬೇಡವೋ ಎಂದು ಒಂದಿಡೀ ದಿನ ನಾವು ಹದಿಮೂರು ಮಂದಿ ಒಬ್ಬರನ್ನೊಬ್ಬರು ಕೇಳಿಕೊಂಡೆವು. ದುಃಖದ ಮನೆಗೆ ಸಿಹಿ ಸುದ್ದಿಯನ್ನು ಹೇಗೆ ಒಯ್ಯಬೇಕೆಂದು ನಮಗೆ ಯಾರೂ ಕಲಿಸಿರಲಿಲ್ಲ. ಸಂಭ್ರಮಿಸುವುದೇ ಸರಿಯಲ್ಲ, ಸುತ್ತಲೂ ಸಾವಿನ ಎಣಿಕೆ ನಡೆಯುತ್ತಿರುವಾಗ ಗೌನು, ಟೊಪ್ಪಿಗೆಗಳ ಮಾತೆತ್ತುವುದೇ ನಾಚಿಕೆಗೇಡು ಎಂದು ನಮ್ಮಲ್ಲಿ ಕೆಲವರು ವಾದಿಸಿದರು; ನಾನೂ ಆ ಪಕ್ಷದಲ್ಲಿದ್ದೆ. ನಮ್ಮ ವಾದವನ್ನು ಮುರಿದವಳು ಅವಳೇ. ಒಂದು ರಾತ್ರಿ ಗುಂಪಿನಲ್ಲಿ ಬರೆದಳು: ‘ಅಪ್ಪ ನನ್ನ ಘಟಿಕೋತ್ಸವಕ್ಕೆಂದು ಜನವರಿಯಲ್ಲೇ ಅಂಗಿ ಹೊಲಿಸಿಕೊಂಡಿದ್ದರು. ನೀವೆಲ್ಲ ಸುಮ್ಮನಿದ್ದರೆ ನನಗೆ ಇನ್ನೂ ಕಷ್ಟ.’

ಆಗ ಹುಡುಕಾಟ ಶುರುವಾಯಿತು: ಬೇರೆಯವರು ಇದನ್ನು ಹೇಗೆ ನಿಭಾಯಿಸಿದರು? ಟೋಕಿಯೋದ ಬಿಸಿನೆಸ್ ಬ್ರೇಕ್‌ಥ್ರೂ ವಿಶ್ವವಿದ್ಯಾಲಯ ಮಾರ್ಚ್ 28ರಂದೇ, ಮುಖದ ಜಾಗದಲ್ಲಿ ಟ್ಯಾಬ್ಲೆಟ್ ಇರುವ ರೋಬೋಟ್‌ಗಳಿಗೆ ಗೌನು, ಟೊಪ್ಪಿಗೆ ತೊಡಿಸಿ ವೇದಿಕೆಯ ಮೇಲೆ ಓಡಾಡಿಸಿತ್ತು. ಮನೆಯಲ್ಲಿದ್ದ ವಿದ್ಯಾರ್ಥಿಗಳು ಅವುಗಳನ್ನು ದೂರದಿಂದ ನಡೆಸಿ ಪದವಿ ಸ್ವೀಕರಿಸಿದ್ದರು. ಮೇ 16ರಂದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ವಿದ್ಯಾರ್ಥಿಗಳು ತಮ್ಮ ಇಡೀ ಆವರಣವನ್ನು ಮೈನ್‌ಕ್ರಾಫ್ಟ್ ಎಂಬ ಆಟದೊಳಗೆ ಇಟ್ಟಿಗೆ ಇಟ್ಟಿಗೆಯಾಗಿ ಕಟ್ಟಿ ಅದರಲ್ಲೇ ಸಮಾರಂಭ ನಡೆಸಿದ್ದರು. ಆಗಸ್ಟ್ 23ರಂದು ಬಾಂಬೆ ಐಐಟಿ ಪ್ರತಿ ವಿದ್ಯಾರ್ಥಿಗೂ ಒಂದೊಂದು ಗಣಕ ಅವತಾರವನ್ನು ಸೃಷ್ಟಿಸಿ, ನಿರ್ದೇಶಕರ ಅವತಾರದ ಕೈಯಿಂದ ಪದವಿ ಕೊಡಿಸಿತ್ತು. ಮೂರನ್ನೂ ನೋಡಿದೆ. ಜಾಣ್ಮೆಗೆ ತಲೆದೂಗಿದೆ. ಆದರೂ ಬರ್ಕ್ಲಿಯವರದ್ದೇ ನನಗೆ ಹೆಚ್ಚು ಇಷ್ಟವಾಯಿತು, ಕಾರಣ ಅದನ್ನು ಕಟ್ಟಿದವರು ವಿದ್ಯಾರ್ಥಿಗಳು. ಮುಚ್ಚಿದ ಗೇಟಿನ ಹೊರಗೆ ನಿಂತವರು ನೆನಪಿನಿಂದ ಆವರಣವನ್ನು ಮತ್ತೆ ಕಟ್ಟುವುದರಲ್ಲಿ ಒಂದು ಹಠವಿದೆ. ಉಳಿದೆರಡರಲ್ಲಿ ಸಮಾರಂಭದ ಪ್ರತಿಯನ್ನು ತೆಗೆಯುವ ಶ್ರಮವೇ ನನಗೆ ಎದ್ದು ಕಂಡಿತು.

ನಮ್ಮ ವಿಶ್ವವಿದ್ಯಾಲಯದ ಅಧಿಕೃತ ಘಟಿಕೋತ್ಸವ ನವೆಂಬರ್ ತಿಂಗಳ ಒಂದು ಬೆಳಿಗ್ಗೆ ಯೂಟ್ಯೂಬ್‌ನಲ್ಲಿ ನೇರ ಪ್ರಸಾರವಾಯಿತು. ಅಪ್ಪ ಆ ದಿನ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಟಿವಿಯ ಮುಂದೆ ಕುಳಿತಿದ್ದ. ದೊಡ್ಡ ಸಭಾಂಗಣದ ವೇದಿಕೆಯ ಮೇಲೆ ಆರೇಳು ಗಣ್ಯರು ದೂರ ದೂರ ಕುಳಿತಿದ್ದರು. ಎದುರಿಗೆ ಖಾಲಿ ಕುರ್ಚಿಗಳು. ಪದವೀಧರರು ಎದ್ದು ನಿಂತು ಪ್ರತಿಜ್ಞೆ ಸ್ವೀಕರಿಸಬೇಕೆಂದು ಕುಲಸಚಿವರು ಆ ಖಾಲಿ ಕುರ್ಚಿಗಳನ್ನು ಉದ್ದೇಶಿಸಿ ಹೇಳಿದಾಗ ನಾನು ಸೋಫಾದಲ್ಲೇ ಇದ್ದೆ. ‘ನಿನಗೇ ಹೇಳ್ತಿರೋದು, ಎದ್ದೇಳು’ ಎಂದ ಅಪ್ಪ. ಎದ್ದು ನಿಂತು, ಟಿವಿಯ ಮುಂದೆ ಬಲಗೈ ಮುಂದೆ ಚಾಚಿ, ಪದವಿಗೆ ತಕ್ಕಂತೆ ನಡೆದುಕೊಳ್ಳುತ್ತೇನೆಂದು ಪ್ರತಿಜ್ಞೆ ಮಾಡಿದೆ. ನಗು ಬರುತ್ತದೆಂದುಕೊಂಡಿದ್ದೆ, ಬರಲಿಲ್ಲ.

ಆಮೇಲೆ ಹೆಸರುಗಳ ಸರದಿ. ಒಬ್ಬೊಬ್ಬರ ಭಾವಚಿತ್ರ, ಹೆಸರು, ವಿಭಾಗ. ತಲಾ ನಾಲ್ಕು ಸೆಕೆಂಡು. ಹಿನ್ನೆಲೆಯಲ್ಲಿ ಮೊದಲೇ ಮುದ್ರಿಸಿಟ್ಟ ಧ್ವನಿ. ನಮ್ಮ ವಿಭಾಗ ಬರುವ ಹೊತ್ತಿಗೆ ಸರಿಯಾಗಿ ಪ್ರಸಾರ ನಿಂತು, ಪರದೆಯ ನಡುವೆ ವೃತ್ತವೊಂದು ತಿರುಗತೊಡಗಿತು. ಅದು ತಿರುಗಿ ಮುಗಿಯುವಷ್ಟರಲ್ಲಿ ನಾವು ಅರ್ಥಶಾಸ್ತ್ರ ವಿಭಾಗಕ್ಕೆ ದಾಟಿದ್ದೆವು. ಅಪ್ಪ ರಿಮೋಟ್ ಹಿಡಿದು ಹಿಂದಕ್ಕೆ ಎಳೆದು ನನ್ನ ನಾಲ್ಕು ಸೆಕೆಂಡುಗಳನ್ನು ಹುಡುಕಿ ತೆಗೆದ. ಆ ಧ್ವನಿ ನನ್ನ ಹೆಸರನ್ನು ಮಧ್ಯದಲ್ಲಿ ತಪ್ಪು ಜಾಗದಲ್ಲಿ ಮುರಿದು ಓದಿತು. ಯಾರದೋ ಹೆಸರೆನ್ನುವಂತೆ ಕೇಳಿಸಿತು. ಗೆಳತಿಯ ಚಿತ್ರ ಬಂದಾಗ ಅವಳ ಹೆಸರಿನ ಕೆಳಗೆ ತಂದೆಯ ಹೆಸರು ಇನ್ನೂ ಒಂದಕ್ಷರ ಕಡಿಮೆಯೇ ಇತ್ತು.

ಇಷ್ಟು ದೂರಿದ ಮೇಲೆ ಒಂದನ್ನು ಒಪ್ಪಿಕೊಳ್ಳಬೇಕು. ಎಂದಿನಂತೆ ಸಭಾಂಗಣದಲ್ಲಿ ನಡೆದಿದ್ದರೆ ಒಬ್ಬ ಪದವೀಧರರಿಗೆ ಇಬ್ಬರಿಗಷ್ಟೇ ಪ್ರವೇಶಪತ್ರ ಸಿಗುತ್ತಿತ್ತು. ಮಂಡಿನೋವಿನಿಂದ ಮೆಟ್ಟಿಲು ಹತ್ತಲಾಗದ ನನ್ನ ಅಜ್ಜಿ ಆ ಇಬ್ಬರಲ್ಲಿ ಖಂಡಿತ ಇರುತ್ತಿರಲಿಲ್ಲ. ಮನೆಯಲ್ಲಿ ಅವಳು ಮೊದಲ ಸಾಲಿನಲ್ಲೇ ಕುಳಿತು, ಹಿಂದಕ್ಕೆಳೆದು ಹಿಂದಕ್ಕೆಳೆದು ಐದು ಬಾರಿ ನನ್ನ ಚಿತ್ರ ನೋಡಿದಳು. ಐದನೆಯ ಬಾರಿಯೂ ‘ಹೆಸರು ತಪ್ಪು ಹೇಳ್ತಾನೆ’ ಎಂದೇ ಗೊಣಗಿದಳು.

ಅಜ್ಜಿಯ ಆ ಗೊಣಗಾಟದಿಂದಲೇ ನಮ್ಮ ಸ್ವಂತ ಘಟಿಕೋತ್ಸವ ಹುಟ್ಟಿತೆನ್ನಬಹುದು. ವೇದಿಕೆ, ಗೌನು, ಅತಿಥಿ ಯಾವುದೂ ಬೇಡ, ಹೆಸರುಗಳನ್ನಾದರೂ ಸರಿಯಾಗಿ ಕರೆಯೋಣ ಎಂದು ಗುಂಪಿನಲ್ಲಿ ಬರೆದೆ. ಎಲ್ಲರೂ ಒಪ್ಪಿದರು. ಝೂಮ್‌ನಲ್ಲಿ ಹಣ ಕಟ್ಟದವರ ಗುಂಪು ಸಭೆಗೆ 40 ನಿಮಿಷದ ಮಿತಿಯಿತ್ತು. ನಾವು ಹದಿನಾಲ್ಕು ಮಂದಿ. ತಲೆಗೆ ಮೂರು ನಿಮಿಷವೂ ಬರುವುದಿಲ್ಲ. ಆ ಮಿತಿ ಒಂದು ಉಪಕಾರವನ್ನೇ ಮಾಡಿತು, ಯಾರಿಗೂ ಭಾಷಣ ಮಾಡಲು ಅವಕಾಶವಾಗಲಿಲ್ಲ. ಪ್ರತಿಯೊಬ್ಬರೂ ಚೀಟಿಯಲ್ಲಿ ಬಂದ ಇನ್ನೊಬ್ಬರ ಹೆಸರನ್ನು ಪೂರ್ತಿಯಾಗಿ, ತಂದೆತಾಯಿಯರ ಹೆಸರಿನೊಂದಿಗೆ ಓದಬೇಕು. ಅವರ ಕಿರುಪ್ರಬಂಧದ ಶೀರ್ಷಿಕೆ ಹೇಳಬೇಕು. ಅಂಕಪಟ್ಟಿಯಲ್ಲಿ ಇಲ್ಲದ ಒಂದು ಸಂಗತಿಯನ್ನು ಸೇರಿಸಬೇಕು. ಮನೆಯವರೆಲ್ಲ ಕ್ಯಾಮೆರಾದ ಎದುರು ಇರಬೇಕೆಂಬುದು ಏಕೈಕ ನಿಯಮ.

ಹಿಂದಿನ ಸಂಜೆ ಪರೀಕ್ಷಿಸಿ ನೋಡುವಾಗ ವಿಚಿತ್ರವೊಂದು ಬೆಳಕಿಗೆ ಬಂತು. ಒಬ್ಬರ ಹೆಸರು ಕರೆದಾಗ ಉಳಿದವರೆಲ್ಲ ಜೋರಾಗಿ ಚಪ್ಪಾಳೆ ತಟ್ಟಿದೆವು. ಅವರಿಗೆ ಕೇಳಿಸಿದ್ದು ಎಲ್ಲೋ ಕಡ್ಡಿ ಮುರಿದಂಥ ಒಂದೆರಡು ಸದ್ದು, ಆಮೇಲೆ ಮೌನ. ಇಂಥ ತಂತ್ರಾಂಶಗಳು ಮನುಷ್ಯರ ಮಾತನ್ನು ಉಳಿಸಿಕೊಂಡು ಉಳಿದ ಸದ್ದನ್ನು ಗದ್ದಲವೆಂದು ತೆಗೆದುಹಾಕುತ್ತವೆ. ಚಪ್ಪಾಳೆಯೂ ಅವುಗಳ ಕಿವಿಗೆ ಗದ್ದಲವೇ. ಸಂಗೀತಗಾರರ ಅನುಕೂಲಕ್ಕಾಗಿ ಆ ಸೋಸುವಿಕೆಯನ್ನು ನಿಲ್ಲಿಸುವ ಆಯ್ಕೆಯೊಂದಿದೆ ಎಂದು ನಮಗೆ ತಿಳಿದದ್ದು ಎಲ್ಲ ಮುಗಿದ ಮೇಲೆ. ಆ ಸಂಜೆ ಒಬ್ಬ ಸಹಪಾಠಿ, ಕಿವುಡರ ಸಂಜ್ಞಾಭಾಷೆಯಲ್ಲಿ ಮೆಚ್ಚುಗೆಯನ್ನು ಎರಡೂ ಕೈಗಳನ್ನು ಮೇಲೆತ್ತಿ ಅಲ್ಲಾಡಿಸಿ ಸೂಚಿಸುತ್ತಾರೆಂದು ನೆನಪಿಸಿದ. ಅದನ್ನೇ ಆರಿಸಿಕೊಂಡೆವು.

ಭಾನುವಾರ ಬೆಳಿಗ್ಗೆ ಹದಿನಾಲ್ಕು ಚೌಕಗಳಲ್ಲಿ ಮೂವತ್ತಕ್ಕೂ ಹೆಚ್ಚು ಮುಖಗಳಿದ್ದವು. ಅಂಕಪಟ್ಟಿಯಲ್ಲಿ ಇಲ್ಲದ ಸಂಗತಿಗಳು ಒಂದೊಂದಾಗಿ ಹೊರಬಂದವು: ಶಾಸನದ ಅಚ್ಚು ತೆಗೆಯಲು ಹೋಗಿ ಜೇನುಹುಳು ಕಚ್ಚಿಸಿಕೊಂಡವನು, ಇಡೀ ತರಗತಿಗೆ ತನ್ನ ಟಿಪ್ಪಣಿಗಳನ್ನು ಕೊಟ್ಟು ತಾನು ಮರೆತುಬಿಟ್ಟವಳು, ರಾತ್ರಿ ಪಾಳಿಯ ಕೆಲಸ ಮುಗಿಸಿ ನೇರವಾಗಿ ತರಗತಿಗೆ ಬಂದು ಎರಡು ವರ್ಷ ಹಿಂದಿನ ಬೆಂಚಿನಲ್ಲಿ ಕಣ್ಣು ತೆರೆದು ನಿದ್ದೆ ಮಾಡಿದವನು. ಕೊನೆಯವನ ತಾಯಿಗೆ ಅವನು ಕೆಲಸ ಮಾಡುತ್ತಿದ್ದದ್ದೇ ಗೊತ್ತಿರಲಿಲ್ಲ. ಅವರ ಮುಖ ಬದಲಾದದ್ದನ್ನು ನಾವೆಲ್ಲ ನೋಡಿದೆವು, ನೋಡಬಾರದಿತ್ತೇನೋ. ಗೆಳತಿಯ ಹೆಸರಿನ ಚೀಟಿ ನನಗೆ ಬಂದಿತ್ತು. ಮೂರು ದಿನ ಅಭ್ಯಾಸ ಮಾಡಿದ್ದರೂ ತಂದೆಯ ಹೆಸರಿಗೆ ಬಂದಾಗ ‘ದಿವಂಗತ’ ಎಂಬುದನ್ನು ಸೇರಿಸಬೇಕೋ ಬೇಡವೋ ಎಂದು ಕ್ಷಣಕಾಲ ತಡೆದೆ. ಸೇರಿಸಲಿಲ್ಲ. ಅಕ್ಷರ ಬಿಡದಂತೆ ಪೂರ್ತಿ ಹೇಳಿದೆ. ಅವಳ ಚೌಕದಲ್ಲಿ ಅವಳೂ ಅವಳ ತಾಯಿಯೂ ಇದ್ದರು. ಹಿಂದಿನ ಕುರ್ಚಿಯ ಬೆನ್ನಿಗೆ ಮಡಿಕೆ ಬಿಚ್ಚದ ಹೊಸ ಅಂಗಿಯೊಂದನ್ನು ಹಾಕಿದ್ದರು. ಇಪ್ಪತ್ತಾರು ಕೈಗಳಿಗಿಂತ ಹೆಚ್ಚು ಕೈಗಳು ಸದ್ದಿಲ್ಲದೆ ಗಾಳಿಯಲ್ಲಿ ಆಡಿದವು. ಆಮೇಲೆ 40 ನಿಮಿಷ ಮುಗಿದು ಪರದೆ ಆರಿತು, ಈ ಬಾರಿಯೂ ಯಾರದೋ ಮಾತಿನ ಮಧ್ಯದಲ್ಲಿ.

ಪದವಿ ಪ್ರಮಾಣಪತ್ರಗಳನ್ನು 2021ರ ಫೆಬ್ರವರಿಯಲ್ಲಿ ಕೊಡತೊಡಗಿದರು. ದಿನಕ್ಕೆ ಇಂತಿಷ್ಟು ಮಂದಿ, ಮೊದಲೇ ಗೊತ್ತುಪಡಿಸಿದ ಸಮಯ, ಜೊತೆಗೆ ಯಾರೂ ಬರುವಂತಿಲ್ಲ. ಗೆಳತಿಗೆ ಪ್ರಯಾಣ ಸಾಧ್ಯವಿರಲಿಲ್ಲವಾದ್ದರಿಂದ ಅವಳದ್ದನ್ನೂ ತರುವಂತೆ ನನಗೆ ಅಧಿಕಾರಪತ್ರ ಬರೆದುಕೊಟ್ಟಿದ್ದಳು. ಜನವರಿಯಲ್ಲಿ ಅವಳ ತಿದ್ದುಪಡಿಯ ಅರ್ಜಿ ಸ್ವೀಕೃತವಾಗಿದೆಯೆಂಬ ಇಮೇಲ್ ಬಂದಿತ್ತು, ಸ್ವೀಕೃತವಾಗಿದೆ ಎಂದರೆ ಅರ್ಜಿ ಕೈಸೇರಿದೆ ಎಂದೋ, ಅಕ್ಷರ ಸೇರಿದೆ ಎಂದೋ ಸ್ಪಷ್ಟವಿರಲಿಲ್ಲ. ಗೇಟಿನಲ್ಲಿ ಹಣೆಗೆ ಉಷ್ಣಮಾಪಕ ಹಿಡಿದರು, ಕೈಗೆ ಸ್ಯಾನಿಟೈಸರ್ ಹಾಕಿದರು. ನೆಲದ ಮೇಲೆ ಬಿಳಿ ಬಣ್ಣದಲ್ಲಿ ಬರೆದ ವೃತ್ತಗಳೊಳಗೆ ನಿಂತು ನಿಂತು ಕೌಂಟರಿಗೆ ತಲುಪಿದೆ. ಗಾಜಿನಾಚೆ ಕುಳಿತಿದ್ದ ಗುಮಾಸ್ತರು ಗುರುತಿನ ಚೀಟಿ ನೋಡಿ, ‘ಮಾಸ್ಕ್ ಸ್ವಲ್ಪ ಕೆಳಗಿಳಿಸಿ’ ಎಂದರು. ಇಳಿಸಿದೆ. ನನ್ನ ಮುಖವನ್ನೂ ಚೀಟಿಯ ಚಿತ್ರವನ್ನೂ ಎರಡೆರಡು ಬಾರಿ ನೋಡಿದರು. ಮಾರ್ಚ್‌ನಿಂದೀಚೆಗೆ ವಿಶ್ವವಿದ್ಯಾಲಯ ನನ್ನ ಮುಖ ನೋಡಿದ್ದು ಅದೇ ಮೊದಲು. ನೋಂದಣಿ ಪುಸ್ತಕದಲ್ಲಿ ಎರಡು ಸಹಿ ಹಾಕಿಸಿಕೊಂಡು, ನಾನು ಮುಟ್ಟಿದ ಪೆನ್ನನ್ನು ಬಟ್ಟೆಯಿಂದ ಒರೆಸಿ, ಗಾಜಿನ ಕೆಳಗಿನ ಸಂದಿಯಿಂದ ಎರಡು ಕಂದು ಲಕೋಟೆಗಳನ್ನು ಈಚೆಗೆ ತಳ್ಳಿದರು.

ಹೊರಗೆ ಬಂದು ಮರದ ಕೆಳಗಿನ ಕಟ್ಟೆಯ ಮೇಲೆ ಕುಳಿತು, ನನ್ನ ಲಕೋಟೆಯನ್ನು ಪಕ್ಕಕ್ಕಿಟ್ಟು ಅವಳಿಗೆ ಫೋನ್ ಮಾಡಿದೆ. ತೆರೆಯಲೇ ಎಂದು ಕೇಳಿದೆ. ‘ತೆರೆದು ಓದು, ಕೇಳ್ತೀನಿ’ ಎಂದಳು. ಮೊದಲ ಸಾಲಿನಿಂದ ಓದಿದೆ: ವಿಶ್ವವಿದ್ಯಾಲಯದ ಹೆಸರು, ಅವಳ ಹೆಸರು, ತಾಯಿಯ ಹೆಸರು, ಆಮೇಲೆ ತಂದೆಯ ಹೆಸರು. ಅಕ್ಷರ ಅದರ ಜಾಗದಲ್ಲಿತ್ತು. ಆ ಕಡೆ ಸದ್ದಿಲ್ಲ. ಕರೆ ಕಡಿದುಹೋಯಿತೇನೋ ಎಂದು ಫೋನನ್ನು ಕಿವಿಯಿಂದ ತೆಗೆದು ನೋಡಿದೆ. ಸೆಕೆಂಡುಗಳು ಓಡುತ್ತಿದ್ದವು.

‘ಆ ಸಾಲು ಇನ್ನೊಂದ್ಸಲ ಓದು’ ಎಂದಳು. ಓದಿದೆ.